700 ಡಿಗ್ರಿಯಲ್ಲಿ 200 ಗಂಟೆ

ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಹಂಗಾಮು ಮುಗಿದು ಬಾಯ್ಲರ್ ತಣ್ಣಗಾದ ಮೇಲೆ, ಹಲವು ವರ್ಷ ಉರಿ ಕಂಡ ಉಕ್ಕಿನ ಕೊಳವೆಯೊಂದರ ಒಳರಚನೆಯನ್ನು ನೋಡುವ ಕೆಲಸ ನನಗೆ ಬಂದಿತ್ತು. ಕೊಳವೆಯನ್ನು ಕತ್ತರಿಸುವಂತಿರಲಿಲ್ಲ. ಆದ್ದರಿಂದ ಅದರ ಮೈಯ ಒಂದಿಷ್ಟು ಭಾಗವನ್ನು ಉಜ್ಜಿ ಕನ್ನಡಿಯಂತೆ ಹೊಳೆಯಿಸಿ, ಒಳರಚನೆ ಎದ್ದು ಕಾಣುವಂತೆ ನೈಟಾಲ್ (ಆಲ್ಕೋಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿ, ಅಸಿಟೋನ್‌ನಲ್ಲಿ ಮೆತ್ತಗಾದ ಅಸಿಟೇಟ್ ಹಾಳೆಯನ್ನು ಒತ್ತಿ ಅಚ್ಚು ತೆಗೆದುಕೊಂಡು ಬೆಳಗಾವಿಗೆ ಮರಳಿದೆ. ಅಚ್ಚಿನಲ್ಲಿ ಬದಲಾವಣೆ ಕಾಣುತ್ತಿತ್ತು, ಆದರೆ ಅದು ಎಷ್ಟು ದೂರ ಸಾಗಿದೆಯೆಂದು ಹೇಳಲು ಪಕ್ಕದಲ್ಲಿಟ್ಟು ಹೋಲಿಸುವ ಮಾದರಿಗಳು ನನ್ನಲ್ಲಿರಲಿಲ್ಲ. ಅವನ್ನು ನಾನೇ ತಯಾರಿಸಲು ಹೊರಟೆ.

ಸುಮಾರು 0.2 ಶೇಕಡಾ ಇಂಗಾಲವಿರುವ ಈ ಉಕ್ಕು ಹೊಸದಾಗಿದ್ದಾಗ ಅದರಲ್ಲಿ ಬಿಳಿಯ ಫೆರೈಟ್ (ಬಹುತೇಕ ಶುದ್ಧ ಕಬ್ಬಿಣ) ಕಣಗಳ ನಡುವೆ ಪರ್ಲೈಟ್‌ನ ಕಪ್ಪು ದ್ವೀಪಗಳಿರುತ್ತವೆ. 500 ಪಟ್ಟು ಹಿಗ್ಗಿಸಿ ನೋಡಿದರೆ ಆ ದ್ವೀಪದೊಳಗೆ ಫೆರೈಟ್ ಮತ್ತು ಸಿಮೆಂಟೈಟ್ (ಕಬ್ಬಿಣ–ಇಂಗಾಲದ ಗಟ್ಟಿ ಸಂಯುಕ್ತ) ಪದರಗಳು ಒಣಗಲು ಹಾಕಿದ ಶ್ಯಾವಿಗೆ ಎಳೆಗಳಂತೆ ಸಾಲುಗಟ್ಟಿರುವುದು ಕಾಣುತ್ತದೆ. ತೆಳ್ಳನೆಯ ಪದರಕ್ಕೆ ಮೈ ಹೆಚ್ಚು, ಮೈ ಹೆಚ್ಚಾದಷ್ಟೂ ಮೇಲ್ಮೈ ಶಕ್ತಿ ಹೆಚ್ಚು. ಕಾವು ಸಿಕ್ಕರೆ ಇಂಗಾಲದ ಪರಮಾಣುಗಳು ಮೆಲ್ಲಗೆ ಸರಿದು, ಸಿಮೆಂಟೈಟ್ ಎಳೆಗಳು ಅಲ್ಲಲ್ಲಿ ತುಂಡಾಗಿ, ತುಂಡುಗಳು ಗುಂಡಗಾಗಿ, ಕೊನೆಗೆ ದೊಡ್ಡ ಗುಂಡುಗಳು ಸಣ್ಣವನ್ನು ಕರಗಿಸಿಕೊಂಡು ಬೆಳೆಯುತ್ತವೆ. ಉಕ್ಕಿನ ಬಲ ಇದರೊಂದಿಗೇ ಇಳಿಯುತ್ತದೆ. ಇಂಗಾಲದ ಉಕ್ಕು 427 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಕಾವಿನಲ್ಲಿ ದೀರ್ಘಕಾಲ ಇದ್ದರೆ ಸಿಮೆಂಟೈಟ್ ಒಡೆದು ಗ್ರಾಫೈಟ್ ಆಗುವ ಭಯವೂ ಇದೆ. ಅದು ಇನ್ನೂ ಕೆಟ್ಟದ್ದು.

ಬಾಯ್ಲರ್‌ನ ಕಾವಿನಲ್ಲಿ ವರ್ಷಗಟ್ಟಲೆ ಕಾಯುವುದು ಸಾಧ್ಯವಿಲ್ಲವಾದ್ದರಿಂದ ಕಾವನ್ನು ಏರಿಸಿ ಕಾಲವನ್ನು ಕುಗ್ಗಿಸಬೇಕು. ಇದಕ್ಕೆ 1952ರ ಲಾರ್ಸನ್–ಮಿಲ್ಲರ್ ಸೂತ್ರ ನೆರವಾಗುತ್ತದೆ: ಕೆಲ್ವಿನ್‌ನಲ್ಲಿರುವ ಉಷ್ಣಾಂಶವನ್ನು, ಗಂಟೆಗಳ ಲಾಗರಿದಮ್‌ಗೆ 20 ಕೂಡಿಸಿ ಬಂದ ಸಂಖ್ಯೆಯಿಂದ ಗುಣಿಸುವುದು. ಗುಣಲಬ್ಧ ಸಮವಾದರೆ ಪರಿಣಾಮವೂ ಸಮವೆಂಬ ಈ ಲೆಕ್ಕದಲ್ಲಿ 600 ಡಿಗ್ರಿಯ 100 ಗಂಟೆ, 500 ಡಿಗ್ರಿಯ ಸುಮಾರು 70,000 ಗಂಟೆಗೆ ಸಮ. ಕೊಳವೆ ಒಡೆಯುವ ಕಾಲಕ್ಕೆಂದು ಹುಟ್ಟಿದ ಸೂತ್ರವಿದು, ಒಳರಚನೆಗೆ ಬಳಸಿದಾಗ ನಾನು ಅದನ್ನು ಅಂದಾಜೆಂದೇ ಎಣಿಸುತ್ತೇನೆ. ಗುಂಡಾಗುವ ಹಾದಿಯನ್ನು ಕೊನೆಯವರೆಗೂ ನೋಡುವ ಆಸೆಯಿಂದ ನಾನು ಮಾದರಿಗಳಿಗೆ 700 ಡಿಗ್ರಿಯನ್ನೇ ಆರಿಸಿದೆ.

ಕಾವಿನಲ್ಲಿ ಉಕ್ಕಿನ ಮೈಯಿಂದ ಇಂಗಾಲ ಹಾರಿಹೋಗುತ್ತದೆ. ಅದನ್ನು ತಡೆಯಲು ಉದ್ಯಮಬಾಗದ ಲೇಥ್ ಅಂಗಡಿಯಿಂದ ಬೀಡಿನ (ಎರಕದ ಕಬ್ಬಿಣದ) ಚೂರು ತಂದು, ಮಾದರಿಗಳನ್ನು ಅದರಲ್ಲಿ ಹುಗಿದು, ಡಬ್ಬಿಯ ಮುಚ್ಚಳಕ್ಕೆ ಬೆಂಕಿಮಣ್ಣು ಮೆತ್ತಿದೆ. ಬೆಳಗಾವಿಯಲ್ಲಿ ಬೀಡಿನ ಚೂರಿಗೆ ಬರಗಾಲವಿಲ್ಲ. 10, 50, 100 ಗಂಟೆಗಳ ಮಾದರಿಗಳು ಅಂದುಕೊಂಡಂತೆಯೇ ಬಂದವು.

200 ಗಂಟೆಯದು ನನ್ನನ್ನು ದಂಗುಬಡಿಸಿತು. ಗುಂಡುಗಳು ಇನ್ನೂ ದಪ್ಪವಾಗಿರಬೇಕಾದ ಜಾಗದಲ್ಲಿ ಅಚ್ಚುಕಟ್ಟಾದ, ಹೊಸ ಪದರಗಳಿದ್ದವು. ಮಾದರಿ ಅದಲುಬದಲಾಗಿದೆಯೆಂದು ಎರಡು ಸಲ ಗುರುತು ನೋಡಿದೆ. ಅದು ಸರಿಯಾಗಿಯೇ ಇತ್ತು. ಕುಲುಮೆ ನೋಡಿಕೊಳ್ಳುವ ಕಾಕಾ ಅವರನ್ನು ವಿಚಾರಿಸಿದಾಗ, "ಕಡೀ ದಿನ ರಾತ್ರಿ ಕರೆಂಟ್ ಹೋಗಿತ್ತರಿ ಸರ, ಬಂದ ಮ್ಯಾಲ ಬಾಗಲಾ ತಗದು ಒಮ್ಮೆ ನೋಡಿದ್ನಿ" ಎಂದರು. ಬಾಗಿಲು ಎಳೆಯುವಾಗ ಕಾವು ಅಳೆಯುವ ಥರ್ಮೋಕಪಲ್‌ನ ತುದಿ ಬಾಗಿಲ ಕಡೆಗೆ ಸರಿದು, ಅಲ್ಲಿನ ಕಡಿಮೆ ಕಾವನ್ನೇ 700 ಮಾಡಲು ನಿಯಂತ್ರಕವು ಒಳಗಿನ ತಂತಿಯನ್ನು ಕಾಯಿಸುತ್ತಲೇ ಹೋಗಿತ್ತು. ನಂತರ ಅದೇ ಸ್ಥಿತಿಯಲ್ಲಿ ಡಬ್ಬಿಯ ಬಳಿ ಇನ್ನೊಂದು ಥರ್ಮೋಕಪಲ್ ಇಟ್ಟು ನೋಡಿದಾಗ 760 ತೋರಿಸಿತು. 727 ಡಿಗ್ರಿ ದಾಟಿದರೆ ಪರ್ಲೈಟ್ ಇದ್ದ ಜಾಗವೆಲ್ಲ ಇಂಗಾಲವನ್ನು ಕರಗಿಸಿಕೊಳ್ಳುವ ಆಸ್ಟೆನೈಟ್ ಆಗುತ್ತದೆ, ಕುಲುಮೆಯೊಂದಿಗೆ ಆರುವಾಗ ಮತ್ತೆ ಹೊಸ ಪದರ ಕಟ್ಟುತ್ತದೆ. ಎಂಟು ದಿನಗಳ ಕೆಲಸವನ್ನು ಒಂದು ರಾತ್ರಿ ಅಳಿಸಿಹಾಕಿತ್ತು. ತಪ್ಪು ಕಾಕಾ ಅವರದಲ್ಲ. ಥರ್ಮೋಕಪಲ್ ಅನ್ನು ಬಿಗಿಯದೆ ಬಿಟ್ಟವನು ನಾನು.

ಎರಡನೆಯ ಸಲ ಒಂದು ಥರ್ಮೋಕಪಲ್ ಅನ್ನು ಡಬ್ಬಿಗೇ ತಂತಿಯಿಂದ ಕಟ್ಟಿ, ಅದರ ಅಂಕಿಯನ್ನು ಪ್ರತಿ ಪಾಳಿಯಲ್ಲೂ ವಹಿಯಲ್ಲಿ ಬರೆಸಿದೆ. ಈ ಬಾರಿಯ 200 ಗಂಟೆಯ ಮಾದರಿಯಲ್ಲಿ ಎಳೆಯ ಗುರುತೇ ಇರಲಿಲ್ಲ, ಗುಂಡುಗಳು ಕಣಗಳ ಅಂಚಿಗೂ ಸರಿದಿದ್ದವು. ಕಾರ್ಖಾನೆಯ ಅಚ್ಚನ್ನು ಸಾಲಿನಲ್ಲಿಟ್ಟಾಗ ಅದು 10 ಮತ್ತು 50 ಗಂಟೆಗಳ ನಡುವೆ ಕೂತಿತು: ಎಳೆಗಳು ತುಂಡಾಗಿದ್ದರೂ ಹಳೆಯ ದ್ವೀಪದ ಆಕಾರ ಉಳಿದಿತ್ತು, ಗ್ರಾಫೈಟ್ ಇರಲಿಲ್ಲ. ಕೊಳವೆಯನ್ನು ಬದಲಿಸುವ ಅಗತ್ಯವಿಲ್ಲ, ಮುಂದಿನ ಹಂಗಾಮು ಮುಗಿದ ಮೇಲೆ ಅದೇ ಜಾಗದಲ್ಲಿ ಮತ್ತೊಂದು ಅಚ್ಚು ತೆಗೆಯಬೇಕು ಎಂದು ವರದಿಯಲ್ಲಿ ಬರೆದು ಕಳುಹಿಸಿದೆ.