ಮಂಪರಿನ ಇಂಜೆಕ್ಷನ್‌ಗೆ ಉಬ್ಬುವ ಗುಲ್ಮ

ಧಾರವಾಡದಲ್ಲಿ ನಾಯಿ, ಬೆಕ್ಕುಗಳನ್ನು ನೋಡುವ ಪಶುವೈದ್ಯ ನಾನು. ಕೆಲವು ವರ್ಷಗಳ ಹಿಂದೆ ಎಂಟು ವರ್ಷದ ಲ್ಯಾಬ್ರಡಾರ್ ಒಂದನ್ನು ಕರೆತಂದಿದ್ದರು. ಆಗಾಗ ವಾಂತಿ ಮಾಡುತ್ತಿತ್ತು, ಹೊಟ್ಟೆಯ ಸ್ಕ್ಯಾನ್ ಆಗಬೇಕಿತ್ತು. ನಾಯಿಗೆ ಕ್ಲಿನಿಕ್ ಅಂದರೆ ಜೀವಭಯ. ಮೇಜಿನ ಮೇಲೆ ಮಲಗಿಸಲು ಮೂರು ಜನ ಹಿಡಿದರೂ ಆಗಲಿಲ್ಲ. ಮಂಪರಿನ ಇಂಜೆಕ್ಷನ್ ಅಸೆಪ್ರೊಮಜೀನ್ ಕೊಟ್ಟು ಮುಕ್ಕಾಲು ಗಂಟೆ ಕಾದೆ.

ಪ್ರೋಬ್ ಇಟ್ಟ ಕೂಡಲೇ ಗಾಬರಿಯಾಯಿತು. ಹೊಟ್ಟೆಯ ಎಡಭಾಗದ ತುಂಬ ಗುಲ್ಮವೇ (ಸ್ಪ್ಲೀನ್). ಮೂತ್ರಕೋಶದ ಹತ್ತಿರದವರೆಗೂ ಚಾಚಿಕೊಂಡಿತ್ತು. ಆಗಲೇ ರಕ್ತ ತೆಗೆದು ನೋಡಿದರೆ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು, 33. ನಾಯಿಗೆ ಸಾಮಾನ್ಯವಾಗಿ 37ರಿಂದ 55 ಇರಬೇಕು. ದೊಡ್ಡ ಗುಲ್ಮ, ಕಡಿಮೆ ರಕ್ತ. ನಮ್ಮ ಕಡೆ ಇವೆರಡು ಜೊತೆಗೆ ಸಿಕ್ಕರೆ ಮೊದಲು ಬರುವ ಯೋಚನೆ ಉಣ್ಣೆ ಜ್ವರ, ಅಂದರೆ ಉಣುಗು ಕಚ್ಚಿ ಬರುವ ರಕ್ತದ ರೋಗ. ವಯಸ್ಸಾದ ನಾಯಿ ಬೇರೆ, ಗಡ್ಡೆಯ ಭಯವೂ ಇತ್ತು. "ಏನಾಗೇತ್ರೀ ಡಾಕ್ಟ್ರೇ ಇದಕ್ಕ?" ಅಂತ ಯಜಮಾನರು ಕೇಳಿದರು. ನನ್ನ ಅನುಮಾನ ಹೇಳಿಬಿಟ್ಟೆ. ಅವರ ಹೆಂಡತಿ ಅಲ್ಲೇ ಅಳಲು ಶುರುಮಾಡಿದರು.

ಸ್ಲೈಡಿನಲ್ಲಿ ಯಾವ ರೋಗಾಣುವೂ ಸಿಗಲಿಲ್ಲ. ಮೂರು ದಿನ ಬಿಟ್ಟು ಮತ್ತೆ ಕರೆಸಿದೆ. ಈ ಸಲ ಮಂಪರು ಕೊಡದೆ, ಯಜಮಾನರೇ ತಲೆ ಸವರುತ್ತಾ ನೆಲದ ಮೇಲೆ ಮಲಗಿಸಿಕೊಂಡಿದ್ದಾಗ ನೋಡಿದೆ. ಗುಲ್ಮ ತನ್ನ ಅಳತೆಯಲ್ಲಿತ್ತು. ಪಿಸಿವಿ 43.

ಕಾಲೇಜಿನಲ್ಲಿ ಓದಿದ್ದೇ ಇದು. ಆದರೆ ಕೈಗೆ ಇಳಿದಿರಲಿಲ್ಲ. ನಾಯಿಯ ಗುಲ್ಮ ಕೆಂಪು ರಕ್ತಕಣಗಳ ಉಗ್ರಾಣ. ಅದರ ಹೊದಿಕೆಯಲ್ಲಿ ಸ್ನಾಯುಗಳಿವೆ. ಓಡುವಾಗ, ಹೆದರಿದಾಗ, ರಕ್ತ ಸೋರಿದಾಗ ನರಗಳ ಸಂದೇಶಕ್ಕೆ ಈ ಸ್ನಾಯುಗಳು ಹಿಂಡಿಕೊಂಡು ಕಣಗಳನ್ನು ರಕ್ತಕ್ಕೆ ತಳ್ಳುತ್ತವೆ. ಅಸೆಪ್ರೊಮಜೀನ್ ಆ ಸಂದೇಶ ಮುಟ್ಟುವ ಆಲ್ಫಾ ಗ್ರಾಹಕಗಳನ್ನೇ ತಡೆಯುತ್ತದೆ. ಹೊದಿಕೆ ಸಡಿಲವಾಗುತ್ತದೆ, ಕಣಗಳು ಒಳಗೆ ತುಂಬಿಕೊಳ್ಳುತ್ತವೆ. ರಕ್ತ ಎಲ್ಲೂ ಹೋಗಿರುವುದಿಲ್ಲ. ನಾವು ಸೂಜಿ ಹಾಕಿದ ನಾಳದಲ್ಲಿ ಮಾತ್ರ ಕಡಿಮೆ ಕಾಣುತ್ತದೆ. ಪಿಸಿವಿ ಕಾಲು ಭಾಗದಷ್ಟು ಇಳಿದದ್ದನ್ನು ನಾನೇ ನೋಡಿದ್ದೇನೆ.

ಅರಿವಳಿಕೆಯ ಔಷಧ ಥಯೋಪೆಂಟೋನ್ ಕೂಡ ಹೀಗೇ. ಆ ಔಷಧ ಕೊಟ್ಟು ಗರ್ಭಕೋಶದ ಆಪರೇಷನ್ ಮಾಡುತ್ತಿದ್ದ ದಿನಗಳಲ್ಲಿ, ಹೊಟ್ಟೆ ತೆರೆದ ಕೂಡಲೇ ಗುಲ್ಮ ಗಾಯದ ಬಾಯಿಗೇ ಬಂದು ಕೂರುತ್ತಿತ್ತು. ನಾಲಗೆಯಂತೆ ತೆಳ್ಳಗಿರಬೇಕಾದ ಅಂಚು ದುಂಡಗಾಗಿ, ಬಣ್ಣ ಕಪ್ಪುಗೆಂಪಾಗಿ, ಬೆರಳಿಗೆ ತುಂಬಿದ ಚೀಲದಂತೆ ತಗುಲುತ್ತಿತ್ತು. ಬ್ಲೇಡು ಸ್ವಲ್ಪ ಆಳಕ್ಕೆ ಹೋದರೂ ಅಪಾಯ. ಅಂಥ ಹೊಟ್ಟೆಯನ್ನು ಇವತ್ತಿಗೂ ನಾನು ಮೊದಲು ಚಿಕ್ಕದಾಗಿ ತೆರೆದು, ಒಳಗೆ ಬೆರಳಿಟ್ಟು ಕಾಪಾಡಿಕೊಂಡೇ ಮುಂದೆ ಕತ್ತರಿಸುತ್ತೇನೆ.

ಗುಲ್ಮವನ್ನೇ ತೆಗೆಯುವ ಆಪರೇಷನ್ ಇದ್ದರೆ ಇವೆರಡನ್ನೂ ಮುಟ್ಟುವುದಿಲ್ಲ. ಉಬ್ಬಿದ ಗುಲ್ಮದ ಜೊತೆ ನಾಯಿಯ ಸ್ವಂತ ರಕ್ತವೂ ಬಕೆಟ್ಟಿಗೆ ಹೋಗುತ್ತದೆ, ಅಲ್ವಾ? ಮೊದಲೇ ರಕ್ತ ಕಡಿಮೆ ಇರುವ ನಾಯಿಗೆ ಅದು ದುಬಾರಿ.

ಈಗ ನನ್ನ ಕ್ರಮ ಬದಲಾಗಿದೆ. ರಕ್ತ ಮೊದಲು, ಇಂಜೆಕ್ಷನ್ ಆಮೇಲೆ. ಆಗುವಷ್ಟು ಸ್ಕ್ಯಾನನ್ನೂ ಎಚ್ಚರದಲ್ಲೇ ಮಾಡುತ್ತೇನೆ. ಮಂಪರು ಬೇಕೇ ಬೇಕಾದರೆ ಬ್ಯುಟಾರ್ಫನಾಲ್, ಹೃದಯ ಗಟ್ಟಿಯಿದ್ದರೆ ಜೊತೆಗೆ ಸ್ವಲ್ಪ ಡೆಕ್ಸ್‌ಮೆಡೆಟೊಮಿಡಿನ್. ಇವುಗಳಿಂದ ಗುಲ್ಮ ಅಷ್ಟೊಂದು ಉಬ್ಬಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಯಾವ ಔಷಧ, ಎಷ್ಟು ಹೊತ್ತಿಗೆ ಕೊಟ್ಟೆ ಅನ್ನುವುದನ್ನು ಸ್ಕ್ಯಾನ್ ಹಾಳೆಯ ಮೇಲೇ ಬರೆಯುತ್ತೇನೆ. ಬೇರೆ ಡಾಕ್ಟರ್ ಓದಿದರೂ ತಿಳಿಯಬೇಕು. ಒಂದು ಮಾತು ಮಾತ್ರ ಜ್ಞಾಪಕವಿರಲಿ. ಔಷಧದಿಂದ ಗುಲ್ಮ ಇಡೀ ಒಂದೇ ಸಮನೆ ಉಬ್ಬುತ್ತದೆ. ಗಂಟು ಕಂಡರೆ ಅದನ್ನು ಇಂಜೆಕ್ಷನ್ ಮೇಲೆ ಹಾಕಿ ಸುಮ್ನೆ ಕೂರಬಾರದು.

ಮುಧೋಳ ನಾಯಿಗಳು ಬಂದಾಗ ಇನ್ನೂ ಹುಷಾರಾಗಿರುತ್ತೇನೆ. ಬೇಟೆಗೆ ಓಡುವ ಇಂಥ ತಳಿಗಳಲ್ಲಿ, ಗ್ರೇಹೌಂಡ್‌ನಲ್ಲಂತೂ, ಪಿಸಿವಿ ಸಹಜವಾಗಿಯೇ ಜಾಸ್ತಿ. ಅವುಗಳಿಗೆ 40 ಬಂದರೆ ನಾನು "ನಾರ್ಮಲ್" ಅಂತ ಬರೆದು ಕಳಿಸುವುದಿಲ್ಲ. ಮೈಯಲ್ಲಿ ಕೊಬ್ಬು ಕಡಿಮೆ, ಥಯೋಪೆಂಟೋನ್ ಕೊಟ್ಟರೆ ಏಳುವುದೂ ತಡ.

ಹೋದ ಮಳೆಗಾಲದಲ್ಲಿ ಒಂದು ಜರ್ಮನ್ ಶೆಫರ್ಡ್ ಬಂತು. ಎಚ್ಚರದಲ್ಲೇ ರಕ್ತ ತೆಗೆದೆ, ಪಿಸಿವಿ 21. ಎಚ್ಚರದಲ್ಲೇ ಹೊಟ್ಟೆ ನೋಡಿದೆ, ಗುಲ್ಮ ದೊಡ್ಡದು. ಇದು ಔಷಧದ ಆಟವಲ್ಲ ಅಂತ ಅಲ್ಲೇ ಗೊತ್ತಾಯಿತು. ಕಿವಿಯ ತುದಿಯಿಂದ ತೆಗೆದ ಹನಿಯ ಸ್ಲೈಡಿನಲ್ಲಿ ಉಣ್ಣೆ ಜ್ವರದ ರೋಗಾಣು ಬೆಬೇಸಿಯಾ ಜೋಡಿಜೋಡಿಯಾಗಿ ಕಂಡಿತು. ಅರ್ಧ ಗಂಟೆಯೊಳಗೆ ಚಿಕಿತ್ಸೆ ಶುರುವಾಗಿತ್ತು.