ಬಂಡೆಗಳು ಮುಗಿದ ಮೇಲಿನ ದಾರಿ

ಪಿಕ್ಚರ್ಡ್ ರಾಕ್ಸ್ ಅಂದ ಕೂಡಲೇ ಎಲ್ಲರೂ ತೋರಿಸುವುದು ಬಣ್ಣಬಣ್ಣದ ಮರಳುಗಲ್ಲಿನ ಬಂಡೆಗಳ ಫೋಟೋ. ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಸುಪೀರಿಯರ್ ಸರೋವರದ ದಂಡೆಗುಂಟ ಮ್ಯುನಿಸಿಂಗ್‌ನಿಂದ ಗ್ರ್ಯಾಂಡ್ ಮರೇ ಊರಿನವರೆಗೆ ಸುಮಾರು 42 ಮೈಲಿ ಚಾಚಿಕೊಂಡ ಪಾರ್ಕ್ ಇದು. 1966ರಲ್ಲಿ ಆ ದೇಶದ ಮೊದಲ ‘ನ್ಯಾಷನಲ್ ಲೇಕ್‌ಶೋರ್’, ಅಂದರೆ ರಾಷ್ಟ್ರೀಯ ಸರೋವರ ದಂಡೆ, ಆದದ್ದು. ಬಂಡೆಗಳೆಲ್ಲ ಇರುವುದು ಪಶ್ಚಿಮದ ಭಾಗದಲ್ಲಿ. ಬಹಳಷ್ಟು ಜನ ಚಾಪೆಲ್ ರಾಕ್ ನೋಡಿಕೊಂಡು ಅಲ್ಲಿಂದಲೇ ವಾಪಸಾಗುತ್ತಾರೆ. ನಾನೂ ನನ್ನ ಭಾವಮೈದುನನೂ ಪಶ್ಚಿಮದಿಂದ ಪೂರ್ವಕ್ಕೆ ಪೂರ್ತಿ ನಡೆದೆವು. ಬೀವರ್ ಕ್ರೀಕ್ ದಾಟಿದ ಮೇಲಿನ ಕೊನೆಯ ದಿನಗಳ ಬಗ್ಗೆ ಬರೆದವರು ಕಡಿಮೆ. ನನಗೆ ಹಿಡಿಸಿದ್ದು ಮಾತ್ರ ಅದೇ ಭಾಗ.

ದಿಕ್ಕನ್ನು ಯೋಚಿಸಿಯೇ ಆರಿಸಿದ್ದೆ. ಬಂಡೆಗಳ ಕಡೆ ಏರಿಳಿತ ಹೆಚ್ಚು, ಮೈಯಲ್ಲಿ ಕಸುವಿದ್ದಾಗಲೇ ಅದನ್ನು ಮುಗಿಸಿಬಿಡಬೇಕು. ಆಮೇಲೆ ಸಿಗುವ ಟ್ವೆಲ್ವ್‌ಮೈಲ್ ಬೀಚ್ ಹೆಚ್ಚುಕಡಿಮೆ ಸಮತಟ್ಟು, ದಣಿದ ಮಂಡಿಗೆ ಹಿತ. ಮಧ್ಯಾಹ್ನದ ಮೇಲೆ ಬಿಸಿಲು ಬೆನ್ನಿಗೆ. ಇನ್ನೊಂದು, ಕಾರನ್ನು ಗ್ರ್ಯಾಂಡ್ ಮರೇ ಕಡೆಯೇ ನಿಲ್ಲಿಸಿ, ಬಾಡಿಗೆ ಗಾಡಿ ಹಿಡಿದು ಶುರುವಿನ ಜಾಗಕ್ಕೆ ಹೋಗಿದ್ದೆವು. ಕೊನೆಯ ದಿನ ಗಾಡಿ ತಪ್ಪೀತು ಅಂತ ಗಡಿಯಾರ ನೋಡುತ್ತಾ ಓಡುವ ಕರ್ಮ ಇರಲಿಲ್ಲ.

ಕೊನೆಯ ದಿನಗಳಿಗೆ ಅಂತಲೇ ತೆಗೆದಿಟ್ಟಿದ್ದು ಗೊಜ್ಜವಲಕ್ಕಿ. ಗ್ಯಾಸ್ ಡಬ್ಬಿ ಹಗುರಾಗುವ ಹೊತ್ತಿಗೆ ಬೆಂಕಿ ಬೇಡದ ಊಟ ಕೈಯಲ್ಲಿದ್ದರೆ ಧೈರ್ಯ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ ಒಂದು ಜಿಪ್ ಕವರ್‌ನಲ್ಲಿ. ಹುಣಸೆ, ಬೆಲ್ಲ, ಸಾರಿನ ಪುಡಿ ಹಾಕಿ ಎಣ್ಣೆ ಬಿಡುವವರೆಗೆ ಕುದಿಸಿದ ಗೊಜ್ಜು ಸಣ್ಣ ಡಬ್ಬಿಯಲ್ಲಿ. ಹುರಿದ ಕಡಲೆಕಾಯಿ ಬೀಜ ಬೇರೆ. ಬೀಜವನ್ನು ಮೊದಲೇ ಬೆರೆಸಿದರೆ ಮೆತ್ತಗಾಗಿ ಹೋಗುತ್ತದೆ. ಅವಲಕ್ಕಿ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ನೆನೆದರೆ ಸಾಕು. ರಾತ್ರಿ ಮಾತ್ರ ಊಟದ ಸಾಮಾನು, ಟೂತ್‌ಪೇಸ್ಟ್ ಸಮೇತ ಎಲ್ಲವನ್ನೂ ಟೆಂಟಿನಿಂದ ದೂರ, ಕ್ಯಾಂಪ್‌ನಲ್ಲಿ ಅದಕ್ಕೆಂದೇ ಮಾಡಿರುವ ಜಾಗದಲ್ಲಿ ಇಡಬೇಕು. ಇಲ್ಲಿ ಕಪ್ಪು ಕರಡಿಗಳಿವೆ. ಇಂಗಿನ ವಾಸನೆ ಅವಕ್ಕೆ ಹಿಡಿಸುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಲು ಹೋಗಬೇಡಿ.

ನೀರಿಗೆ ಬರವಿಲ್ಲ, ಪಕ್ಕದಲ್ಲೇ ಸರೋವರ. ಆದರೆ ಅಲೆ ಎದ್ದ ದಿನ ನೀರಿನ ತುಂಬ ಮರಳು. ನೇರವಾಗಿ ಫಿಲ್ಟರ್‌ಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ. ಪಾತ್ರೆಯಲ್ಲಿ ತುಂಬಿಟ್ಟು, ಮರಳು ತಳ ಸೇರಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಸೋಸುತ್ತಿದ್ದೆವು. “ಭಾವ, ಒಂದೇ ಒಂದು ಮುಳುಗು ಹಾಕಿ ಬರ್ತೀನಿ” ಅಂತ ಹೋದವನು ಸೊಂಟದಷ್ಟು ನೀರಿಗೂ ಇಳಿಯದೆ ಕೂಗಿಕೊಂಡು ಓಡಿ ಬಂದ. ಆಗಸ್ಟ್ ತಿಂಗಳು, ನೆತ್ತಿ ಸುಡುವ ಬಿಸಿಲು, ಆದರೂ ನೀರು ಆ ಪಾಟಿ ಕೊರೆಯುತ್ತಿತ್ತು.

ನೊಣದ ವಿಷಯ ಹೇಳಲೇಬೇಕು. ದಕ್ಷಿಣದ ಗಾಳಿ ಬೀಸಿದ ದಿನ ಮರಳಿನ ಮೇಲೆ ನಿಲ್ಲುವ ಹಾಗಿಲ್ಲ. ನೋಡಲು ಮನೆಯ ನೊಣದ ಹಾಗೇ ಇರುತ್ತದೆ, ಕಚ್ಚುತ್ತದೆ, ಅದೂ ಹೆಚ್ಚಾಗಿ ಕಣಕಾಲಿಗೆ. ಊರಲ್ಲಿ ಕೊಟ್ಟಿಗೆಯಲ್ಲಿ ದನ ಕಾಲು ಝಾಡಿಸುವುದು ಈ ಜಾತಿಗೇ. ಹಚ್ಚಿಕೊಳ್ಳುವ ಔಷಧಿಗೆ ಇವು ಅಷ್ಟಾಗಿ ಜಗ್ಗುವುದಿಲ್ಲ. ತುಂಬು ಪ್ಯಾಂಟು, ದಪ್ಪ ಕಾಲುಚೀಲ, ಆಮೇಲೆ ದಂಡೆ ಬಿಟ್ಟು ಮೇಲಿನ ಬರ್ಚ್ ಕಾಡಿನ ದಾರಿ: ನಮಗೆ ಕೆಲಸಕ್ಕೆ ಬಂದದ್ದು ಇಷ್ಟೇ.

ಹರಿಕೇನ್ ನದಿಯಿಂದ ಔ ಸೇಬಲ್ ದೀಪಸ್ತಂಭ ಒಂದೂವರೆ ಮೈಲಿ. ಇಲ್ಲಿ ಮಾತ್ರ ಕಾಡಿನ ದಾರಿ ಬಿಟ್ಟು ದಂಡೆಯಲ್ಲೇ ನಡೆಯಿರಿ. ಒಡೆದ ಹಡಗುಗಳ ಅಸ್ಥಿಪಂಜರ ಮರಳಲ್ಲಿ, ಮೊಣಕಾಲುದ್ದದ ನೀರಲ್ಲಿ ಹಾಗೇ ಬಿದ್ದಿದೆ. ಒಂದು ದಿಮ್ಮಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದೆ. ಮರ ಸವೆದು ಎಳೆಎಳೆಯಾಗಿದೆ, ಅದರಿಂದ ಹೊರಚಾಚಿದ ಕಬ್ಬಿಣದ ಮೊಳೆಗಳು ಬಾಗಿ ತುಕ್ಕು ತಿಂದಿವೆ, ಒಂದರ ಬುಡದಲ್ಲಿ ಅಲೆ ತಂದು ತುರುಕಿದ ಬೆಣಚುಕಲ್ಲು ಸಿಕ್ಕಿಕೊಂಡಿದೆ. ಮುಟ್ಟಬಹುದಿತ್ತು, ಮುಟ್ಟಲಿಲ್ಲ. ಮೇರಿ ಜರೆಕಿ 1883ರಲ್ಲಿ, ಸಿಟ್ಕಾ 1904ರಲ್ಲಿ, ಗೇಲ್ ಸ್ಟೇಪಲ್ಸ್ 1918ರಲ್ಲಿ ಇಲ್ಲಿ ಸಿಕ್ಕಿಬಿದ್ದವು. ದಂಡೆಯಿಂದ ಮೈಲಿಯ ಹತ್ತಿರ ಒಳಗೆ ಹೋಗಿರುವ ಮರಳುಗಲ್ಲಿನ ದಿಬ್ಬದ ಮೇಲೆ ನೀರು ಆಳವೇ ಇಲ್ಲ. ಸಾಲದ್ದಕ್ಕೆ ಸರೋವರದ ತಣ್ಣನೆ ಗಾಳಿ, ಮರಳುಗುಡ್ಡದ ಬಿಸಿ ಗಾಳಿ ಸೇರಿ ಮಂಜು ಕಟ್ಟುತ್ತದೆ. 87 ಅಡಿಯ ಸ್ತಂಭದಲ್ಲಿ 1874ರಿಂದಲೇ ದೀಪ ಉರಿಯುತ್ತಿತ್ತು. ಅಂದರೆ ಈ ಮೂರೂ ಹಡಗುಗಳು ಒಡೆದದ್ದು ದೀಪ ಬಂದ ಮೇಲೆ.

ಅಲ್ಲಿಂದ ಗ್ರ್ಯಾಂಡ್ ಸೇಬಲ್ ಮರಳುಗುಡ್ಡಗಳ ಸರಹದ್ದು. ಲಾಗ್ ಸ್ಲೈಡ್ ಅನ್ನುವಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಮರ ಕಡಿಯುವವರು ಮರದ ಜಾರುಗಾಲುವೆ ಕಟ್ಟಿ ದಿಮ್ಮಿಗಳನ್ನು ಸರೋವರಕ್ಕೆ ಜಾರಿಸುತ್ತಿದ್ದರು. ಈಗ ಇರುವುದು ಸುಮಾರು 300 ಅಡಿಯ ಮರಳಿನ ಇಳಿಜಾರು ಮಾತ್ರ. ಇಳಿಯುವುದು ನಿಮಿಷಗಳ ಕೆಲಸ, ಹತ್ತಲು ಗಂಟೆಯೇ ಬೇಕಾದೀತು. “ನೀನು ಬೇಕಾದರೆ ಇಳಿ, ಬ್ಯಾಗು ನಾನು ಕಾಯ್ತೀನಿ” ಅಂದೆ. ಒಮ್ಮೆ ಬಗ್ಗಿ ನೋಡಿ ಅವನೂ ನನ್ನ ಪಕ್ಕ ಕೂತ. ಪಶ್ಚಿಮಕ್ಕೆ ನಾವು ಬಿಟ್ಟು ಬಂದ ದೀಪಸ್ತಂಭ, ಪೂರ್ವಕ್ಕೆ ನೇರ ನೀರಿಗೆ ಇಳಿದ ಮರಳಿನ ಗೋಡೆ. ಬಂಡೆಗಳ ಹತ್ತಿರ ಪ್ರವಾಸಿ ದೋಣಿಗಳ ಮೈಕು ಕೇಳುತ್ತಿತ್ತು. ಇಲ್ಲಿ ಅದೂ ಇಲ್ಲ.

ಮುಂದಿನದು ಕಾಡಿನ ದಾರಿ, ಬೇಗ ಸಾಗುತ್ತದೆ. ಸೇಬಲ್ ಜಲಪಾತದ ಮೆಟ್ಟಿಲಿಳಿದು ದಂಡೆಗೆ ಬಂದರೆ ಅಗೇಟ್ ಕಲ್ಲು ಹುಡುಕುವವರು ಬಗ್ಗಿಕೊಂಡು ಓಡಾಡುತ್ತಿರುತ್ತಾರೆ. ಪಾರ್ಕಿನ ಒಳಗಿಂದ ಒಂದು ಕಲ್ಲನ್ನೂ ಒಯ್ಯುವಂತಿಲ್ಲ. ಆಸೆಯಿದ್ದವರು ಗಡಿ ಎಲ್ಲಿದೆ ಅಂತ ಕೇಳಿಕೊಂಡು ಊರಿನ ಕಡೆಯ ದಂಡೆಗೆ ಹೋಗಬೇಕು. ಭಾವಮೈದುನ ಹಾಗೇ ಹೋದ. ನಾನು ಸೀದಾ ಕಾರಿನ ಡಿಕ್ಕಿ ತೆಗೆದೆ: ಒಗೆದ ಬಟ್ಟೆ, ಹವಾಯಿ ಚಪ್ಪಲಿ, ಒಂದು ಕ್ಯಾನ್ ನೀರು. ಹೊರಡುವ ಮುಂಚೆ ಈ ಮೂರನ್ನು ಡಿಕ್ಕಿಯಲ್ಲಿ ಇಟ್ಟಿರಿ.