ಕುಚ್ಚಿನ ಕೆಲಸಕ್ಕೆ ನಾನು ಬೆಲೆ ಕಟ್ಟಿದ ಬಗೆ

ಹಾಸನದಲ್ಲಿ ಸೀರೆಗೆ ಕುಚ್ಚು ಹಾಕುವ ಮನೆಯಿಲ್ಲದ ಬಡಾವಣೆ ಸಿಗುವುದು ಕಷ್ಟ. ಗೇಟಿಗೆ ಸಣ್ಣದೊಂದು ಫಲಕ, ಅದರ ಮೇಲೆ ಫಾಲ್, ಜಿಗ್‌ಜಾಗ್, ಕುಚ್ಚು ಎಂಬ ಬರಹ. ಅವುಗಳಲ್ಲಿ ಎಷ್ಟೋ ಫಲಕಗಳು ಒಂದೆರಡು ವರ್ಷದಲ್ಲಿ ಇಳಿದುಹೋಗುತ್ತವೆ. ಕೈಯಲ್ಲಿ ಒಳ್ಳೆಯ ಕಸುಬಿದ್ದವರೇ ನಿಲ್ಲಿಸಿಬಿಡುತ್ತಾರೆ, ಏಕೆಂದರೆ ತಿಂಗಳ ಕೊನೆಗೆ ದಾರದ ಅಂಗಡಿಯ ಬಾಕಿ ತೀರಿಸಿದ ಮೇಲೆ ಉಳಿಯುವುದು ಪುಡಿಗಾಸು. ನಾನು ನಡುಮನೆಯಲ್ಲೇ ಕುಳಿತು ಈ ಕೆಲಸವನ್ನು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳುವುದು ಡಿಸೈನಿನ ಬಗ್ಗೆ. ನನಗೆ ಹೇಳಬೇಕು ಅನ್ನಿಸುವುದು ದರದ ಬಗ್ಗೆ.

ಕೆಲಸ ಎಷ್ಟಿದೆ ಎಂದು ಗೊತ್ತಿಲ್ಲದವರಿಗೆ ದರ ಹೆಚ್ಚೆನಿಸುವುದು ಸಹಜ. ರೇಷ್ಮೆ ಸೀರೆಯ ಸೆರಗಿನ ತುದಿಯಲ್ಲಿ ನೇಕಾರರು ನೇಯದೆ ಬಿಟ್ಟ ಹಾಸಿನ, ಅಂದರೆ ಉದ್ದಕ್ಕೆ ಸಾಗುವ, ಎಳೆಗಳಿರುತ್ತವೆ. ಹಿಂದಿನವರು ಅವನ್ನೇ ವಿಂಗಡಿಸಿ, ಹೊಸೆದು, ಗಂಟು ಹಾಕುತ್ತಿದ್ದರು. ಈಗ ಹೆಚ್ಚಿನವರು ಅಂಚನ್ನು ಮಡಚಿ ಹೊಲಿಸಿ, ಬೇರೆ ದಾರದಲ್ಲಿ ಕುಚ್ಚು ಕಟ್ಟಿಸುತ್ತಾರೆ. ಸೆರಗಿನ ಅಗಲ ಸುಮಾರು 45 ಅಂಗುಲ. ಅಂಗುಲಕ್ಕೊಂದು ಎಂದರೂ 45 ಕುಚ್ಚು, ಅರ್ಧ ಅಂಗುಲಕ್ಕೊಂದು ಎಂದರೆ 90. ಒಂದೊಂದಕ್ಕೂ ಎಳೆ ಸುತ್ತಿ, ಅಂಚಿಗೆ ಪೋಣಿಸಿ, ಜರಿ ದಾರದಿಂದ ಕತ್ತು ಬಿಗಿದು, ತುದಿಯನ್ನು ಸಮನಾಗಿ ಕತ್ತರಿಸಿ, ಕುದಿಯುವ ನೀರಿನ ಹಬೆಗೆ ಹಿಡಿದು ನೆಟ್ಟಗೆ ಮಾಡಬೇಕು. ಕ್ರೋಶಾ ಕುಚ್ಚಾದರೆ ಅದಕ್ಕೂ ಮೊದಲು ಅಂಚಿನುದ್ದಕ್ಕೂ ಕಡ್ಡಿಯಲ್ಲಿ ಸರಪಳಿ ಹೆಣೆದು, ಮಣಿ ಸೇರಿಸುತ್ತಾ ಕಮಾನು ಎಬ್ಬಿಸಬೇಕು.

ಇದಕ್ಕೆಲ್ಲ ಮುಂಚೆ ಬಣ್ಣ ಹೊಂದಿಸುವ ಕೆಲಸ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಾನು ದಾರ ಆರಿಸುವುದೇ ಇಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಸೀರೆಯನ್ನು ಜಗಲಿಗೆ ತಂದು, ಸೆರಗಿನ ಮೇಲೆ ಎರಡು ಮೂರು ದಾರದ ಎಳೆಗಳನ್ನು ಎಳೆದಿಟ್ಟು, ಸ್ವಲ್ಪ ದೂರ ನಿಂತು ನೋಡುತ್ತೇನೆ. ಈರುಳ್ಳಿ ಸಿಪ್ಪೆಯ ಬಣ್ಣ, ಬದನೆಕಾಯಿ ಬಣ್ಣ, ಮಾವಿನ ಚಿಗುರು, ಇಂಥವು ಒಳಗೆ ಒಂದು, ಹೊರಗೆ ಇನ್ನೊಂದು. ಹಾಸು ಒಂದು ಬಣ್ಣ, ಅಡ್ಡಕ್ಕೆ ನೇಯುವ ಹೊಕ್ಕು ಇನ್ನೊಂದು ಬಣ್ಣವಿರುವ ಸೀರೆಗೆ ಎರಡೂ ಬಣ್ಣದ ಎಳೆಗಳನ್ನು ಸೇರಿಸಿ ಸುತ್ತಿದರೆ ಮಾತ್ರ ಕುಚ್ಚು ಸೀರೆಯದೇ ಅನ್ನಿಸುತ್ತದೆ. ದಾರ ಆರಿಸಿದ ಮೇಲೆ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತುತ್ತೇನೆ. ಬಟ್ಟೆಗೆ ಬಣ್ಣ ಇಳಿದರೆ ಆ ದಾರ ಎಷ್ಟೇ ಚೆಂದವಿದ್ದರೂ ಬೇಡ. ಕೆಂಪು ಕುಚ್ಚಿನ ಬಣ್ಣ ಕೆನೆ ಬಣ್ಣದ ಸೆರಗಿಗೆ ಹತ್ತಿದ ಸೀರೆಗಳನ್ನು ‘ಏನಾದರೂ ಮಾಡಿಕೊಡಿ’ ಎಂದು ನನ್ನ ಹತ್ತಿರ ತಂದವರಿದ್ದಾರೆ. ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಮಣಿಯಲ್ಲೂ ಅಷ್ಟೇ ಎಚ್ಚರ ಬೇಕು. ಮೈಸೂರು ಸಿಲ್ಕಿನಂಥ ತೆಳುವಾದ ಸೀರೆಗೆ ದಪ್ಪ ಗಾಜಿನ ಮಣಿ ಕಟ್ಟಿದರೆ ಸೆರಗು ಜೋತುಬೀಳುತ್ತದೆ.

ಈ ಹೊತ್ತನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕು. ನನ್ನ ಲೆಕ್ಕ ಹೀಗಿದೆ. ಮಣಿ ಸೇರಿಸಿದ ಸಾಧಾರಣ ಕ್ರೋಶಾ ಕುಚ್ಚಿಗೆ, ಬಣ್ಣ ಹೊಂದಿಸುವುದೂ ಸೇರಿ, ಐದು ಗಂಟೆ ಹಿಡಿಯುತ್ತದೆ. ಗಂಟೆಗೆ 90 ರೂಪಾಯಿಯಂತೆ 450. ದಾರ, ಮಣಿಗೆ 110. ಅಂಚು ಹೊಲಿಗೆಗೆ 40. ಒಟ್ಟು 600. ಕರೆಂಟು, ಓಡಾಟ, ಸವೆಯುವ ಕತ್ತರಿ ಸೂಜಿ ಎಂದು ಅದರ ಮೇಲೆ ನೂರಕ್ಕೆ ಹತ್ತು. ಅಲ್ಲಿಗೆ 660. ಗಂಟೆಯ ಕೂಲಿಯನ್ನು ಪ್ರತಿ ಯುಗಾದಿಗೆ ಪರಿಶೀಲಿಸುತ್ತೇನೆ. ‘ಮನೆಯಲ್ಲಿ ಕುಳಿತೇ ಮಾಡುವುದಲ್ಲವೇ’ ಎಂದು ನಮ್ಮ ಸಮಯವನ್ನು ನಾವೇ ಸೊನ್ನೆ ಎಂದು ಬರೆದುಕೊಂಡರೆ, ಬಂದವರು ಅದಕ್ಕಿಂತ ಹೆಚ್ಚು ಏಕೆ ಬರೆದುಕೊಳ್ಳುತ್ತಾರೆ?

ಚೌಕಾಸಿ ಇದ್ದೇ ಇದೆ. ಮಗಳ ಮದುವೆಗೆಂದು ಬಂದ ಒಬ್ಬರು, ‘ಏನಮ್ಮಾ, ದಾರಕ್ಕೆ ಇಷ್ಟೊಂದು ದುಡ್ಡಾ?’ ಎಂದರು. ‘ಕೂತ್ಕೊಳ್ಳಿ ಆಂಟಿ’ ಎಂದು ಕಾಫಿ ಕೊಟ್ಟು, ಅವರ ಎದುರಿಗೇ ಕೆಲಸ ಮುಂದುವರಿಸಿದೆ. ಲೋಟ ಖಾಲಿಯಾಗುವ ಹೊತ್ತಿಗೆ ನಾನು ಮುಗಿಸಿದ್ದು ಎರಡು ಕಮಾನು. ಅವರು ಮತ್ತೆ ದರದ ಮಾತೆತ್ತಲಿಲ್ಲ, ಮದುವೆಯ ಮೂರು ಸೀರೆಗಳನ್ನೂ ಬಿಟ್ಟುಹೋದರು. ಎಲ್ಲರೂ ಹಾಗೆ ಒಪ್ಪುವುದಿಲ್ಲ. ಒಪ್ಪದವರಿಗೆ ಅವರ ದುಡ್ಡಿಗೆ ತಕ್ಕ ಸರಳ ಗಂಟು ಕುಚ್ಚು ತೋರಿಸುತ್ತೇನೆ. ಅದೇ ಕ್ರೋಶಾ ಕುಚ್ಚನ್ನು ಕಡಿಮೆಗೆ ಹಾಕಿಕೊಡುವುದಿಲ್ಲ.

ಅಂಗಡಿಯವರ ಸಗಟು ಕೆಲಸದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಊರಿನ ಒಂದು ಸೀರೆ ಅಂಗಡಿ ನನಗೆ ಸೀರೆಗಿಷ್ಟು ಎಂದು ಕಟ್ಟು ಕಟ್ಟಾಗಿ ಕೆಲಸ ಕೊಡುತ್ತಿತ್ತು. ಗಿರಾಕಿಯಿಂದ ಅವರು ಪಡೆಯುತ್ತಿದ್ದದ್ದು ನನಗೆ ಕೊಡುತ್ತಿದ್ದದ್ದರ ಎರಡರಷ್ಟಕ್ಕೂ ಹೆಚ್ಚು, ಕೊಡುವುದೂ ತಿಂಗಳು ಕಳೆದ ಮೇಲೆ. ಕೈ ತುಂಬ ಕೆಲಸವಿತ್ತು, ಕೈಯಲ್ಲಿ ಕಾಸಿರಲಿಲ್ಲ. ಆ ಕೆಲಸ ಬಿಟ್ಟ ಮೇಲೆ ಒಂದಷ್ಟು ಕಾಲ ಬರುವ ಸೀರೆಗಳು ಕಡಿಮೆಯಾದವು, ಆದರೆ ಒಂದೊಂದರಿಂದ ಸಿಗುವುದು ಹೆಚ್ಚಾಯಿತು, ಬೆನ್ನು ನೋವೂ ಇಳಿಯಿತು.

ಇನ್ನೊಬ್ಬರ ರೇಷ್ಮೆ ನಮ್ಮ ಮನೆಯಲ್ಲಿರುವುದು ದೊಡ್ಡ ಹೊಣೆ. ಎಷ್ಟೋ ಸಲ ಅದು ಅವರ ಅಮ್ಮನ ಧಾರೆ ಸೀರೆ. ಸೀರೆ ಕೈಗೆ ಬಂದ ಕೂಡಲೇ ಬಂದವರ ಎದುರೇ ಪೂರ್ತಿ ಬಿಚ್ಚಿ ನೋಡುತ್ತೇನೆ. ಕಲೆ, ತೂತು, ಬಿಟ್ಟುಕೊಂಡ ಜರಿ ಇದ್ದರೆ ಚೀಟಿಯಲ್ಲಿ ಬರೆದು ಅವರಿಗೂ ತೋರಿಸುತ್ತೇನೆ. ದರ, ಕೊಡುವ ದಿನ, ಅರ್ಧ ಮುಂಗಡ ಅದೇ ಚೀಟಿಯಲ್ಲಿರುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಟ್ಟ ಸೀರೆಗೆ ಆ ಚೀಟಿಯನ್ನು ದಾರದಲ್ಲಿ ಕಟ್ಟುತ್ತೇನೆ. ಗುಂಡುಪಿನ್ನು ರೇಷ್ಮೆಯ ಹತ್ತಿರವೂ ಬರಬಾರದು. ಮಳೆಗಾಲದ ತೇವಕ್ಕೆ ಜರಿ ಮಂಕಾಗುತ್ತದೆಂದು ಸೀರೆಗಳನ್ನು ಗೋಡೆಗೆ ತಾಗದ ಬೀರುವಿನಲ್ಲಿಡುತ್ತೇನೆ.

ಕೆಲಸ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಬಾಗಿಲು ತಟ್ಟುವವರೂ ಇಲ್ಲ. ಆಗ ಸೀರೆಯ ಅಗಲಕ್ಕೆ ಸರಿಯಾದ ಕ್ರೋಶಾ ಪಟ್ಟಿಗಳನ್ನು ಹೆಚ್ಚು ಕೇಳುವ ಬಣ್ಣಗಳಲ್ಲಿ ಹೆಣೆದಿಡುತ್ತೇನೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಮುಂಚೆ ಓಡಿಬರುವವರಿಗೆ ಅದನ್ನು ಅಂಚಿಗೆ ಹೊಲಿದುಕೊಟ್ಟರೆ ಮುಗಿಯಿತು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುತ್ತದೆ. ಆಗ ತವರಿಗೆ ಬರುವ ಹೆಣ್ಣುಮಕ್ಕಳು ಚೀಲದಲ್ಲಿ ಸೀರೆ ತರುತ್ತಾರೆ, ಬಲಿಪಾಡ್ಯಮಿ ಮುಗಿಸಿ ಊರಿಗೆ ಹೊರಡುವಾಗ ಒಯ್ಯಬೇಕೆನ್ನುತ್ತಾರೆ. ಆ ದಿನಗಳಿಗೆ ಎಷ್ಟು ಸೀರೆ ಹಿಡಿಯಬಲ್ಲೆ ಎಂದು ಮೊದಲೇ ಗೊತ್ತುಮಾಡಿಕೊಂಡು, ಅಷ್ಟು ತುಂಬಿದ ಮೇಲೆ ಹತ್ತಿರದ ನೆಂಟರಿಗೂ ಇಲ್ಲ ಎನ್ನುತ್ತೇನೆ.

ದಾರಕ್ಕೆ ಬೆಂಗಳೂರಿನ ಚಿಕ್ಕಪೇಟೆಗೆ ಹೋಗುತ್ತೇನೆ. 2023ರ ಜೂನ್‌ನಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ದರ ಇಲ್ಲದಿರುವುದು ನನ್ನಂಥವರ ಲೆಕ್ಕದ ಪುಸ್ತಕದಲ್ಲಿ ನೇರವಾಗಿ ಕಾಣುವ ಉಳಿತಾಯ. ಇಂಥ ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇದೆ. ಅದನ್ನು ಆಧಾರ್ ಇಟ್ಟುಕೊಂಡು ಆನ್‌ಲೈನಿನಲ್ಲಿ ನಾವೇ ಮಾಡಿಕೊಳ್ಳಬಹುದು, ಸರ್ಕಾರಕ್ಕೆ ಶುಲ್ಕ ಕಟ್ಟಬೇಕಿಲ್ಲ. ಅದಕ್ಕಾಗಿ ಸಾವಿರಗಟ್ಟಲೆ ಕೇಳುವವರಿಗೆ ಕೊಡಬೇಡಿ.

ಮದುವೆ ಕಾಲದಲ್ಲಿ ನನ್ನೊಬ್ಬಳ ಕೈ ಸಾಲದು. ಅಕ್ಕಪಕ್ಕದ ಬೀದಿಯ ಕೆಲವು ಹೆಂಗಸರು ಮನೆಗೆ ಒಯ್ದು ಕ್ರೋಶಾ ಪಟ್ಟಿ ಹೆಣೆದುಕೊಡುತ್ತಾರೆ. ಗಿರಾಕಿಯ ಸೀರೆಯನ್ನು ಮಾತ್ರ ನನ್ನ ಮನೆಯಿಂದ ಹೊರಗೆ ಕಳಿಸುವುದಿಲ್ಲ. ಅವರಿಗೂ ಗಂಟೆಗೆ ಅದೇ 90 ರೂಪಾಯಿಯ ಲೆಕ್ಕದಲ್ಲಿ ಪಟ್ಟಿಗೆ ದರ ಗೊತ್ತುಮಾಡಿದ್ದೇನೆ, ಕೆಲಸ ತಂದ ದಿನವೇ ಹಣ ಕೊಡುತ್ತೇನೆ. ಅವರಲ್ಲೊಬ್ಬರು ಈಗ ತಮ್ಮ ಗೇಟಿಗೆ ತಮ್ಮದೇ ಫಲಕ ಹಾಕಿದ್ದಾರೆ. ಹಾಕುವ ಮೊದಲು ಬಂದು, ‘ಅಕ್ಕಾ, ನಿಮಗಿಂತ ಐವತ್ತು ಕಡಿಮೆ ಇಡಲೇ?’ ಎಂದು ಕೇಳಿದರು. ಬೇಡ ಎಂದೆ. ಇಬ್ಬರೂ ಕುಳಿತು ಅವರ ದಾರ, ಅವರ ಗಂಟೆ ಕೂಡಿಸಿ ನೋಡಿದೆವು. ಅವರ ದರ ನನ್ನದಕ್ಕಿಂತ ಇಪ್ಪತ್ತು ರೂಪಾಯಿ ಹೆಚ್ಚೇ ಬಂತು, ಅದನ್ನೇ ಇಟ್ಟಿದ್ದಾರೆ.